ಟ್ರಂಪೆಟ್ಟಿನ ಹಿಂದೆ ನಿಂತವನು

ಮದುವೆ ಮುಗಿದ ಮೇಲೆ ಯಾರಾದರೂ ಬ್ಯಾಂಡ್‌ಸೆಟ್ಟನ್ನು ಹೊಗಳಿದರೆ ಟ್ರಂಪೆಟ್ಟಿನವನನ್ನು ಹೊಗಳುತ್ತಾರೆ, ಇಲ್ಲವೇ ಡ್ರಮ್ಮಿನವನನ್ನು. ಟೆನರ್ ಸ್ಯಾಕ್ಸೋಫೋನಿನವನನ್ನು ಹೊಗಳಿದ್ದು ನಾನು ಕೇಳಿಲ್ಲ. ಕೇಳಿದ್ದರೆ ಮರೆಯುತ್ತಿರಲಿಲ್ಲ, ಏಕೆಂದರೆ ರಾಮನಗರದ ಒಂದು ಬ್ಯಾಂಡಿನಲ್ಲಿ ಆ ಜಾಗದಲ್ಲಿ ನಿಲ್ಲುತ್ತಿದ್ದವನು ನಮ್ಮಪ್ಪ. ಕೆಂಪು ಕೋಟು, ಭುಜದ ಮೇಲೆ ಜರಿ, ಕತ್ತಿನಿಂದ ನೇತುಬಿದ್ದ ಹಿತ್ತಾಳೆಯ ಭಾರ. ಮದುವೆ ಇಲ್ಲದ ದಿನಗಳಲ್ಲಿ ನೂಲು ಬಿಚ್ಚಾಣಿಕೆ. ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆ ಹುಡುಕಿ ಚರಕಕ್ಕೆ ಕೊಡುವ ಕೆಲಸ.

ನಾನೂ ಅಪ್ಪನನ್ನು ಹೊಗಳಿರಲಿಲ್ಲ. ಹೊಗಳುವುದಿರಲಿ, ನೆಟ್ಟಗೆ ಕೇಳಿಯೇ ಇರಲಿಲ್ಲ. ಅಪ್ಪ ಮನೆಯಲ್ಲಿ ಊದುವಾಗ ನನಗೆ ಅನ್ನಿಸುತ್ತಿದ್ದದ್ದು ಒಂದೇ: ಹಾಡು ಮುಂದೆ ಹೋದ ಮೇಲೆ ಈ ಮನುಷ್ಯ ಬರುತ್ತಾನೆ, ಬಸ್ಸು ಹೊರಟ ಮೇಲೆ ಸ್ಟ್ಯಾಂಡಿಗೆ ಬರುವವರ ಹಾಗೆ. ಕಾಲೇಜಿನ ಗೆಳತಿಯರು ಅಪ್ಪ ಏನು ಮಾಡುತ್ತಾರೆ ಎಂದರೆ ರೇಷ್ಮೆ ಎಂದಷ್ಟೇ ಹೇಳುತ್ತಿದ್ದೆ. ಕೆಂಪು ಕೋಟಿನ ಸುದ್ದಿ ಎತ್ತುತ್ತಿರಲಿಲ್ಲ.

ಬಿಡದಿಯ ಸುತ್ತ ರಾಗಿ ಹೊಲಗಳ ನಡುವೆ ಕಾರ್ಖಾನೆಯ ಕಾಂಪೌಂಡುಗಳು ಏಳುತ್ತಿದ್ದ ಕಾಲ ಅದು. ಡಿಪ್ಲೊಮಾ ಮುಗಿಸಿದ ನನಗೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷಕ್ಕೆಂದು ಜಪಾನಿನಿಂದ ಬಂದಿದ್ದ ಹಿರಿಯ ಎಂಜಿನಿಯರೊಬ್ಬರು ಅಲ್ಲಿದ್ದರು. ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನಗೋ ಹುಟ್ಟಿನಿಂದ ಬಂದ ಕೆಟ್ಟ ಕುತೂಹಲ. ಒಂದು ದಿನ ಏನು ಕೇಳುತ್ತಿದ್ದೀರಿ ಎಂದೇಬಿಟ್ಟೆ. ಅವರು ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು.

ಕೇಳಿದೆ. "ಈ ವಾದ್ಯ ನಮ್ಮ ಮನೆಯಲ್ಲಿದೆ" ಎಂದೆ. ಅವರು ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟರು.

ಮರುದಿನ ನಾಲ್ಕು ಕ್ಯಾಸೆಟ್ ತಂದುಕೊಟ್ಟರು. ನಮ್ಮಿಬ್ಬರದೂ ಅರೆಬರೆ ಇಂಗ್ಲಿಷು, ಆದರೂ ವಿಷಯ ತಿಳಿಯಿತು. ಅದು ಜಾಝ್. ಅದರಲ್ಲಿ ಟೆನರ್ ಊದಿ ಲೋಕಪ್ರಸಿದ್ಧರಾದವರು ಕೆಲವರಿದ್ದಾರೆ. ಈ ಕ್ಯಾಸೆಟ್ಟುಗಳಲ್ಲಿರುವವರು ಅವರಲ್ಲ. ಇವರು ಬೇರೆಯವರ ಬ್ಯಾಂಡುಗಳಲ್ಲಿ ಜೀವ ಸವೆಸಿದವರು. ವೇಗ ತೋರಿಸಲಿಲ್ಲ, ಹಾಡನ್ನು ಹಾಡಾಗಿಯೇ ನುಡಿಸಿದರು, ಅದಕ್ಕೇ ಹಿಂದೆ ಉಳಿದರು. "ನಾನು ಮೂವತ್ತು ವರ್ಷದಿಂದ ಇಂಥವರನ್ನೇ ಹುಡುಕುತ್ತಿದ್ದೇನೆ" ಎಂದರು. ಹೆಸರುಗಳನ್ನೆಲ್ಲ ಜಪಾನಿ ಅಕ್ಷರದಲ್ಲಿ ಬರೆದಿದ್ದರಿಂದ ನಮ್ಮ ಮನೆಯಲ್ಲಿ ನಾವೇ ಹೆಸರಿಟ್ಟುಕೊಂಡೆವು. ಸ್ವರಕ್ಕಿಂತ ಮೊದಲು ಗಾಳಿ ಕೇಳಿಸುವವನು ಉಸಿರಣ್ಣ. ತಾಳ ಬಿದ್ದು ಒಂದು ಕ್ಷಣ ಕಳೆದ ಮೇಲೆ ಬಾಯಿ ತೆರೆಯುವವನು ಸೋಮಾರಿ.

ಆ ಕ್ಯಾಸೆಟ್ಟುಗಳು ಮನೆಗೆ ಬಂದದ್ದು ಒಳ್ಳೆಯ ಗಳಿಗೆಯಲ್ಲಲ್ಲ. ಗೂಡು ಬೇಯುವ ಹಬೆ ಕುಡಿದು ಕುಡಿದು ಅಪ್ಪನಿಗೆ ಗೂರಲು ಹತ್ತಿತ್ತು. "ಎರಡೂ ಮಾಡೋಕೆ ನಿಮ್ಮ ಶ್ವಾಸಕೋಶದಲ್ಲಿ ಶಕ್ತಿ ಇಲ್ಲ. ಹಬೆ ಬಿಡಿ, ಇಲ್ಲ ಊದೋದು ಬಿಡಿ" ಎಂದಿದ್ದರು ಡಾಕ್ಟರು. ಅಮ್ಮ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಳು: "ಅನ್ನ ಇಕ್ಕಾದು ಚರಕ." ಆಷಾಢಕ್ಕೆ ಮುಂಚೆ ಒಪ್ಪಿಕೊಂಡಿದ್ದ ಮದುವೆಗಳನ್ನು ಮುಗಿಸಿ ವಾದ್ಯ ಕೆಳಗಿಡುವುದೆಂದಾಯಿತು. ವಾದ್ಯ ಬಿಡುವವನ ಮುಂದೆ ಈ ಕ್ಯಾಸೆಟ್ಟುಗಳನ್ನು ತಂದಿಡುತ್ತಿದ್ದೇನಲ್ಲ ಎಂದು ನನಗೆ ಕಸಿವಿಸಿಯಾಯಿತು. ಆದರೂ ಅಪ್ಪ ಏನನ್ನುತ್ತಾನೋ ನೋಡುವ ಆಸೆ ತಡೆಯಲಾಗಲಿಲ್ಲ.

ಅಪ್ಪ ಉಸಿರಣ್ಣನನ್ನು ಎರಡು ಸಲ ಕೇಳಿದ. "ಇದ್ರ ಪದ ಏನವ್ವಾ?" ಎಂದ.

"ಪದ ಇಲ್ಲ ಕಣಪ್ಪ, ಬರೀ ವಾದ್ಯ."

"ಪದ ಇಲ್ದೆ ಹೆಂಗಾದದು? ಇವ್ನು ಮಾತಾಡ್ತಾವ್ನೆ ಕಣವ್ವ. ಇಲ್ನೋಡು, ಇಲ್ಲಿ ಒಂದ್ ಮಾತು ಮುಗೀತು. ಈಗ ಒಸಿ ಯೋಚ್ನೆ ಮಾಡ್ತಾನೆ. ಹಾ, ಸುರು ಮಾಡ್ದ."

ಅಪ್ಪನ ಬ್ಯಾಂಡಿನ ಕ್ರಮವೇ ಹಾಗೆ. ಸ್ವರ ಬರೆದುಕೊಳ್ಳುವ ಅಭ್ಯಾಸ ಯಾರಿಗೂ ಇಲ್ಲ. ಹೊಸ ಹಾಡು ಬಂದರೆ ಮೊದಲು ಪದ ಬಾಯಿಪಾಠ. ಊದುವಾಗ ಒಳಗೊಳಗೇ ಪದ ಹೇಳಿಕೊಳ್ಳಬೇಕು, ಅಕ್ಷರಕ್ಕೆ ತಕ್ಕಂತೆ ನಾಲಿಗೆ ಹೊರಳಬೇಕು. ಪದ ಮರೆತರೆ ಬೆರಳೂ ಮರೆಯುತ್ತದೆ. ಇದು ಓದುಬರಹ ಇಲ್ಲದವರ ಉಪಾಯ ಅಂದುಕೊಂಡಿದ್ದ ನಾನು, ತಮಾಷೆಗೆಂದು ಎಂಜಿನಿಯರಿಗೆ ಹೇಳಿದೆ. ಅವರು ನಗಲಿಲ್ಲ. ಉಸಿರಣ್ಣ ಊದಿದ್ದು ಹಾಡಿನ ರಾಗವೇ, ಅದಕ್ಕೆ ಮಾತುಗಳಿವೆ. ಮಾತು ಕಲಿಯದೆ ಹಾಡು ಮುಟ್ಟದ ವಾದಕರು ಜಾಝ್‌ನಲ್ಲಿಯೂ ಇದ್ದರು ಎಂದು ಹೇಳಿ, ಆ ಮಾತುಗಳನ್ನು ಕಾಗದದ ಮೇಲೆ ಬರೆದುಕೊಟ್ಟರು. ಅರ್ಥ ಇಷ್ಟೇ: ನೀನು ಹೋದೆ, ಮನೆ ಹಾಗೇ ಇದೆ. ಅಪ್ಪನಿಗೆ ಹೇಳಿದರೆ, "ನಾನ್ ಹೇಳ್ನಿಲ್ವಾ?" ಎಂದು ಬೀಗಿದ.

ಹೋಲಿಕೆಗೆಂದು ಎಂಜಿನಿಯರು ಒಂದು ಕ್ಯಾಸೆಟ್ಟಿನ ಕೊನೆಯಲ್ಲಿ ಭಾರಿ ಹೆಸರಿನ ವೇಗದ ವಾದಕನೊಬ್ಬನನ್ನೂ ಸೇರಿಸಿದ್ದರು. ನಾನು ಬೆರಗಾಗಿ ಕೂತೆ. ಅಪ್ಪನೂ ಮೆಚ್ಚಿದ, ಆದರೆ ಪೂರ್ತಿ ಅಲ್ಲ. "ಬೆರಳು ಬೆಂಕಿ ಕಣವ್ವ. ಆದ್ರೆ ಇವ್ನು ಜಾಗನೇ ಬುಡಾಕಿಲ್ವಲ್ಲ, ಕೇಳೋರು ಯಾವಾಗ ಉಸ್ರು ಬುಡಾದು?"

ಸೋಮಾರಿಯ ವಿಷಯದಲ್ಲಿ ಮಾತ್ರ ನನಗೆ ಅನುಮಾನ ಉಳಿಯಿತು. ಅವನು ಯಾಕೆ ತಡ ಮಾಡುತ್ತಾನೆ? ಕೇಳಿದರೆ ಅಪ್ಪ ಸುಮ್ಮನೆ ನಕ್ಕ. ಎಂಜಿನಿಯರನ್ನು ಕೇಳಿದೆ. "ನಿಮ್ಮ ತಂದೆ ಊದುವಾಗ ಕೇಳಿ" ಎಂದರು, ತಾವೂ ಬರುವುದಾಗಿ ಹೇಳಿದರು.

ಆಷಾಢಕ್ಕೆ ಮುಂಚಿನ ಕೊನೆಯ ಮದುವೆ ಕನಕಪುರದಲ್ಲಿತ್ತು. ಬೆಳಿಗ್ಗೆ ಗಂಡಿನ ಕಡೆಯವರನ್ನು ಎದುರುಗೊಂಡು ಛತ್ರಕ್ಕೆ ಕರೆದೊಯ್ಯುವ ಹೊತ್ತಿಗೆ ಕಾರ್ಖಾನೆಯ ಕಾರು ಬಂತು. ಎಂಜಿನಿಯರು ಇಳಿದು, ನಮಸ್ಕಾರ ಹಾಕಿ, ಸೀದಾ ಅಪ್ಪನ ಬೆನ್ನ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡರು. ದಿಬ್ಬಣದವರು ಮುಸಿಮುಸಿ ನಕ್ಕರು. ನಾನೂ ಅವರ ಪಕ್ಕ ಹೋಗಿ ನಿಂತೆ. ಕಣ್ಣು ಮುಚ್ಚುವಷ್ಟು ಧೈರ್ಯ ಬರಲಿಲ್ಲ.

ಟ್ರಂಪೆಟ್ಟು ಒಂದು ಸಾಲು ಊದಿತು. ಸಾಲು ಮುಗಿದು ಟ್ರಂಪೆಟ್ಟಿನವರು ಉಸಿರೆಳೆದುಕೊಳ್ಳುವಾಗ, ಆ ಸಂದಿನಲ್ಲಿ ಅಪ್ಪ ಐದಾರು ಸ್ವರ ಹೇಳಿದ. ಮತ್ತೆ ಟ್ರಂಪೆಟ್ಟು, ಮತ್ತೆ ಅಪ್ಪ. ಪ್ರತಿ ಸಲವೂ ಬೇರೆ ಮಾತು: ಒಮ್ಮೆ ಹೂಂ ಅಂದ ಹಾಗೆ, ಒಮ್ಮೆ ಹೌದಾ ಎಂದು ಕೇಳಿದ ಹಾಗೆ, ಒಮ್ಮೆ ಅಷ್ಟು ಜೋರು ಬೇಡ ಎಂದು ರೇಗಿಸಿದ ಹಾಗೆ. ಮನೆಯಲ್ಲಿ ಊದುವಾಗ ಟ್ರಂಪೆಟ್ಟು ಇರುತ್ತಿರಲಿಲ್ಲ, ಹಾಗಾಗಿ ನಾನು ಕೇಳಿದ್ದೆಲ್ಲ ಬರೀ ಉತ್ತರ. ಅಪ್ಪ ತಡವಾಗಿ ಬರುತ್ತಿರಲಿಲ್ಲ. ಇನ್ನೊಬ್ಬ ಮಾತು ಮುಗಿಸಲಿ ಎಂದು ಕಾಯುತ್ತಿದ್ದ. ಇಪ್ಪತ್ತಮೂರು ವರ್ಷ ಒಂದೇ ಸೂರಿನಡಿ ಇದ್ದು ಇಷ್ಟು ತಿಳಿಯಲಿಲ್ಲವಲ್ಲ ಎಂದು ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಛತ್ರ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ಅಪ್ಪನಿಗೆ ಉಬ್ಬಸ ಬಂತು. ವಾದ್ಯ ಬಾಯಿಂದ ತೆಗೆದು, ಬಗ್ಗಿ, ತೊಡೆಯ ಮೇಲೆ ಕೈ ಊರಿ ನಿಂತ. ಯಾರೂ ತಿರುಗಿ ನೋಡಲಿಲ್ಲ. ಟ್ರಂಪೆಟ್ಟಿನವರು ತಮ್ಮ ಸಾಲು ಮುಗಿಸಿದರು. ಮುಗಿಸಿ ಮುಂದಿನದಕ್ಕೆ ಹೋಗಲಿಲ್ಲ, ಟ್ರಂಪೆಟ್ಟು ಇಳಿಸಿ ನಿಂತುಬಿಟ್ಟರು. ಡ್ರಮ್ಮಿನವನು ಒಂದಷ್ಟು ಬಡಿದು, ಇವರ ಮುಖ ನೋಡಿ ನಿಲ್ಲಿಸಿದ. ಆಗ ದಿಬ್ಬಣವೆಲ್ಲ ಗಕ್ಕನೆ ನಿಂತು ಹಿಂದಿರುಗಿ ನೋಡಿತು. ಮುಹೂರ್ತ ಮೀರ್ತದೆ, ಏನಾಯ್ತು ಎಂದು ಯಾರೋ ಕೂಗಿದರು.

ಅಪ್ಪ ಬಗ್ಗಿಕೊಂಡೇ ಕೈ ಬೀಸಿದ. "ಯಾಕ್ಲಾ ನಿಂತ್ಬುಟ್ಟೆ? ನೀನ್ ಊದು, ನಂದೇನೈತೆ ಅದ್ರಲ್ಲಿ."

"ನೀನ್ ಹೇಳಾದು ಹೇಳ್ದೆ ನಾನ್ ಹೆಂಗ್ಲಾ ಮುಂದುಕ್ ಹೋಗ್ಲಿ?" ಎಂದರು ಟ್ರಂಪೆಟ್ಟಿನವರು. ಇಪ್ಪತ್ತೆಂಟು ವರ್ಷ ಅಪ್ಪನ ಮುಂದೆ ನಿಂತು ಹೊಗಳಿಸಿಕೊಂಡವರು ಅವರು.

ಅಪ್ಪ ನೆಟ್ಟಗಾದ. ಸಿಕ್ಕಷ್ಟು ಗಾಳಿ ಎಳೆದುಕೊಂಡು ವಾದ್ಯ ಬಾಯಿಗಿಟ್ಟ. ಮೊದಲು ಬರೀ ಉಸಿರು ಬಂತು, ಆಮೇಲೆ ನಾಲ್ಕು ಸ್ವರ. ಅಷ್ಟೇ. ಕನಕಪುರದ ಆ ಬೀದಿಯಲ್ಲಿ ಎಲ್ಲರೂ ಕಿವಿಗೊಟ್ಟು ಅವನನ್ನೇ ಕೇಳುತ್ತಿದ್ದರು.