ಸೌಟಿಗೆ ಗ್ರಾಮ್ ಕಲಿಸಿದ್ದು

ಗಲ್ಫಿನಲ್ಲಿ, ಮುಸಫ್ಫಾದ ಒಂದು ಯಾರ್ಡಿನಲ್ಲಿ ನನ್ನ ಗಂಡ ಕ್ರೇನ್ ನಡೆಸುತ್ತಾರೆ. ಹೋದ ವರ್ಷ ಕಂಪನಿಯ ಡಾಕ್ಟರು ಅವರ ರಕ್ತಪರೀಕ್ಷೆಯ ಕಾಗದ ನೋಡಿ, ಮೂರು ತಿಂಗಳೊಳಗೆ ಸಕ್ಕರೆ ಇಳಿಯದಿದ್ದರೆ ಕ್ರೇನ್ ಹತ್ತುವಂತಿಲ್ಲ, ಸ್ಟೋರಿನಲ್ಲಿ ಕೂರಬೇಕು ಎಂದರು. ಹದಿನಾಲ್ಕು ವರ್ಷ ಅಷ್ಟೆತ್ತರದಲ್ಲಿ ಕೂತು ಬಂದ ಮನುಷ್ಯ, ಅಂದು ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕುಳಿತೇ ಇದ್ದರು. ನನಗೆ ಭಯವಾಯಿತು. ಭಯವಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆಸ್ಪತ್ರೆಯ ಡಯಟೀಷಿಯನ್ ಕೊಟ್ಟ ಚಾರ್ಟಿನಲ್ಲಿ ಎಲ್ಲವೂ ಗ್ರಾಮ್ ಲೆಕ್ಕ. ಮಧ್ಯಾಹ್ನ ಬೆಂದ ಅನ್ನ ನೂರೈವತ್ತು ಗ್ರಾಮ್, ರಾತ್ರಿಯೂ ಅಷ್ಟೇ. ನಮ್ಮ ಮನೆಯಲ್ಲೋ ಅನ್ನದ ಅಳತೆ ಸೌಟು. ತಟ್ಟೆಗೆ ಕೈ ಅಡ್ಡ ಹಿಡಿಯುವವರೆಗೂ ಬಡಿಸುವುದು. ತಕ್ಕಡಿ ತರೋಣವೇ ಎಂದು ಕೇಳಿದೆ.

"ನಾನೆಂತ ಚಿನ್ನವಾ ತೂಗ್ಲಿಕ್ಕೆ? ತಕ್ಕಡಿ ಮನೆಗೆ ಬಂದ್ರೆ ನಾನು ಮೆಸ್ಸಲ್ಲಿ ಊಟ ಮಾಡ್ತೇನೆ, ನೋಡು" ಎಂದರು.

ಹೇಳಿದರೆ ಮಾಡುವ ಜನ. ಸರಿ, ನನ್ನ ಸೌಟಿಗೇ ಗ್ರಾಮ್ ಕಲಿಸುತ್ತೇನೆ ಎಂದು ಹಟ ಹಿಡಿದೆ.

ದಾರಿ ತೋರಿಸಿದ್ದು ಐದನೇ ಕ್ಲಾಸಿನ ಮಗಳು. "ಮಮ್ಮಿ, ಹಂಡ್ರೆಡ್ ಎಂಎಲ್ ವಾಟರ್ ಈಸ್ ಹಂಡ್ರೆಡ್ ಗ್ರಾಮ್ಸ್" ಎಂದಳು, ಪುಸ್ತಕದಿಂದ ತಲೆ ಎತ್ತದೆ. ಬಟ್ಟೆ ಹಾಕುವ ಹ್ಯಾಂಗರನ್ನು ಬಾಗಿಲ ಕೊಕ್ಕೆಗೆ ನೇತುಹಾಕಿ, ಎರಡು ತುದಿಗೂ ಒಂದೇ ಅಳತೆಯ ಪಾರ್ಸೆಲ್ ಡಬ್ಬಿ ದಾರದಲ್ಲಿ ಕಟ್ಟಿದೆ. ಅವಳ ಜ್ವರದ ಸಿರಪ್ಪಿನ ಹತ್ತು ಎಂಎಲ್ ಮುಚ್ಚಳದಿಂದ ಒಂದರಲ್ಲಿ ಹದಿನೈದು ಸಲ ನೀರು ಹೊಯ್ದೆ. ಹ್ಯಾಂಗರ್ ಮಟ್ಟವಾಗುವವರೆಗೆ ಇನ್ನೊಂದರಲ್ಲಿ ಅನ್ನ ತುಂಬಿದೆ. ಆ ಅನ್ನವನ್ನು ಸೌಟಿನಲ್ಲಿ ಅಳೆದರೆ ಸರಿಯಾಗಿ ಒಂದೂವರೆ ಸೌಟು, ಅದೂ ತಲೆ ತಟ್ಟಿದ್ದು. ಇಷ್ಟು ವರ್ಷ ನಾನು ಬಡಿಸುತ್ತಿದ್ದದ್ದು ನಾಲ್ಕು, ಗೋಪುರ ಕಟ್ಟಿ.

ಒಂದು ತಿಂಗಳು ಕಟ್ಟುನಿಟ್ಟಾಗಿ ಬಡಿಸಿದೆ. ಅವರು ಮುಖ ಗಂಟಿಕ್ಕಿ ಉಂಡರು. ಬೆರಳು ಚುಚ್ಚಿ ನೋಡುವ ಮಷೀನು ಮಾತ್ರ ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು.

"ನಿನ್ನ ಹ್ಯಾಂಗರ್ ಸುಳ್ಳು ಹೇಳ್ತದೆ ಮಾರಾಯ್ತಿ. ಸ್ಟೋರಲ್ಲಾದ್ರೂ ಏಸಿ ಉಂಟು, ಬಿಡು" ಎಂದರು. ನಗಿಸಲಿಕ್ಕೆ ಹೇಳಿದ ಮಾತು, ಆದರೆ ದನಿ ಸಣ್ಣದಾಗಿತ್ತು. ನಾನು ಮತ್ತೆ ತೂಗಿದೆ. ಹ್ಯಾಂಗರಿನ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಕಂಪನಿ ಬಸ್ಸಿಗೆ ಮೊದಲು ಅವರಿಗೆ ಎಂದಿನಂತೆ ಕುಚ್ಚಲಕ್ಕಿ ಗಂಜಿ ಬಡಿಸುತ್ತಿದ್ದೆ, ಉಪ್ಪಿನಕಾಯಿಯೊಂದಿಗೆ. ಬಡಿಸುವ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಏನು ತಿಂಡಿ ಎಂದು ಡಯಟೀಷಿಯನ್ ಕೇಳಿದಾಗ, ತಿಂಡಿ ಇಲ್ಲ ಎಂದಿದ್ದೆ. ನಮ್ಮ ಕಡೆ ತಿಂಡಿ ಎಂದರೆ ದೋಸೆ, ಇಡ್ಲಿ. ಗಂಜಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅದು ಹೊಟ್ಟೆ ತಂಪಿಗೆ.

"ಬಟ್ಟಲು ಕೊಡಿ ಇಲ್ಲಿ" ಎಂದೆ.

"ಎಂತದಕ್ಕೆ? ಬಸ್ಸು ಬರ್ತದೆ."

ಕಸಿದುಕೊಂಡು ಜರಡಿಗೆ ಬಗ್ಗಿಸಿದೆ. ನೀರೆಲ್ಲ ಸೋರಿದ ಮೇಲೆ ಉಳಿದದ್ದು ತಲೆ ತಟ್ಟಿದ ಮೂರು ಸೌಟು ಅನ್ನ. ಎರಡು ಹೊತ್ತಿನದು ಒಂದೇ ಬಟ್ಟಲಿನಲ್ಲಿ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಜಾಣೆ ನಾನು. ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಕಳ್ಳ ಸಿಕ್ಕಿಬಿದ್ದಿದ್ದ.

ಡಯಟೀಷಿಯನ್‌ಗೆ ಫೋನ್ ಮಾಡಿ ಒಪ್ಪಿಕೊಂಡೆ. ಅವರು ನಕ್ಕು, ನನ್ನ ಸೌಟಿನ ಲೆಕ್ಕದಲ್ಲೇ ಹೊಸದಾಗಿ ಬರೆಸಿದರು: ಗಂಜಿಯಲ್ಲಿ ಒಂದು ಸೌಟು, ಮಧ್ಯಾಹ್ನ ಒಂದು, ರಾತ್ರಿ ಒಂದು, ಜೊತೆಗೆ ಧಾರಾಳವಾಗಿ ಪಲ್ಯ. ಈ ಸಲ ಮಷೀನಿನ ಅಂಕಿ ಇಳಿಯತೊಡಗಿತು. ಇಳಿದಂತೆಲ್ಲ ಗಂಡ ತಾವಾಗಿಯೇ ಸೌಟಿನ ತಲೆ ತಟ್ಟುವುದನ್ನು ಕಲಿತರು.

ಮೂರು ತಿಂಗಳು ಮುಗಿದ ದಿನ ಅವರು ಕ್ಲಿನಿಕ್ಕಿನಿಂದ ಫೋನ್ ಮಾಡಿದರು. "ಫಿಟ್ ಅಂತ ಬರ್ದಿದ್ದಾರೆ. ನಾಳೆಯೂ ಹತ್ತುದೇ" ಎಂದರು.

ಮರುದಿನ ನನಗೆ ಸುಮ್ಮನಿರಲು ಆಗಲಿಲ್ಲ. ಆ ಯಾರ್ಡಿನ ಎದುರು ಹಾಯುವ ಬಸ್ಸು ಹತ್ತಿದೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ಗೋಡೆಯಾಚೆ ಕ್ರೇನು ಉಕ್ಕಿನ ದೊಡ್ಡದೊಂದು ತೊಲೆಯನ್ನು ಎತ್ತಿ, ಅಲುಗಾಡಿಸದೆ ಒಯ್ದು ಇಳಿಸಿತು. ಪಕ್ಕದ ಸೀಟಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕೂತಿದ್ದಳು. ನಾನು ಅವಳ ತೋಳು ಮುಟ್ಟಿ, ಬಂದಷ್ಟು ಹಿಂದಿಯಲ್ಲಿ, ಅಲ್ಲಿ ಮೇಲೆ ಕೂತಿರುವುದು ನನ್ನ ಗಂಡ ಎಂದೆ.