ಸಂದೇಶವಿಲ್ಲದ ದೋಣಿಗಳು

ರಾಯಪುರಂನ ಮೀನುಗಾರರಿಗಾಗಿ ನಾವು ಬರೆದ ಆ್ಯಪ್, ಕಡಲಿಗಿಳಿದ ಪ್ರತಿ ದೋಣಿಯ ಕೊನೆಯ ಸಂದೇಶವನ್ನು ತೋರಿಸಬೇಕಿತ್ತು. ದೋಣಿಗಳ ಟೇಬಲ್ಲಿಗೆ, ಅಂದರೆ ಪಟ್ಟಿಗೆ, ಸಂದೇಶಗಳನ್ನು ಜೋಡಿಸಿ (ಜಾಯಿನ್ ಮಾಡಿ), ದೋಣಿವಾರು ಗುಂಪು ಮಾಡಿದಾಗ, ಒಂದೂ ಸಂದೇಶ ಕಳಿಸದ ದೋಣಿಗಳೇ ಪರದೆಯಿಂದ ಬಿಟ್ಟುಹೋದವು.

"ವಿಡುಮ್ಮಾ, ಬಿಟ್ಬಿಡು, ಲೈಬ್ರರಿಯ ರೆಡಿಮೇಡ್ ಕೋಡ್ ಕೊಡೋದೇ ಹಾಗೆ. ನಾಳೆ ಡೆಮೊ, ಮುಟ್ಬೇಡ" ಎಂದರು, ಪೆರಂಬೂರಿನಲ್ಲೇ ಹುಟ್ಟಿ ಬೆಳೆದ ನಮ್ಮ ಮ್ಯಾನೇಜರ್.

"ಸುಮ್ನಿರೋ ದೋಣೀನೇ ಅಲ್ವಾ ಸಾರ್ ಮೊದ್ಲು ಹುಡುಕ್ಬೇಕಾದ್ದು? ನಾನು ಬದಲಾಯಿಸ್ತೀನಿ."

ಎಲ್ಲ ದೋಣಿಗಳೂ ಉಳಿಯುವಂತೆ ಲೆಫ್ಟ್ ಜಾಯಿನ್ ಮಾಡಿ, ಸಂದೇಶವಿಲ್ಲದವು ಮೇಲೆ ಬರುವಂತೆ ಅವರೆದುರೇ ಕ್ರಮ ಕೊಟ್ಟೆ.

ಮರುದಿನ ಡೆಮೊಗೆ ಬಂದ ಮೀನುಗಾರರ ಮುಖಂಡೆ ಮೊದಲ ಸಾಲಿನಲ್ಲಿದ್ದ ಸಂದೇಶವಿಲ್ಲದ ದೋಣಿಯ ಹೆಸರು ಓದಿದ್ದೇ ಫೋನ್ ತೆಗೆದರು. ಎಂಜಿನ್ ಕೆಟ್ಟು ಕಡಲಲ್ಲೇ ನಿಂತಿದ್ದ ಆ ದೋಣಿಯನ್ನು ಬೇರೆ ದೋಣಿಯವರು ಸಂಜೆಯೊಳಗೆ ದಡಕ್ಕೆ ಎಳೆದು ತಂದರು.

"ಇನ್ಮೇಲೆ ಹೇಳ್ದೆ ಕೋಡ್ ಮುಟ್ಬೇಡ" ಎಂದರು ಮ್ಯಾನೇಜರ್.

"ಹೇಳೇ ಮುಟ್ಟಿದ್ದು ಸಾರ್" ಎಂದೆ.