ಅರ್ಧಕ್ಕೆ ನಿಂತ ಆಪರೇಷನ್

ನನ್ನ ಹೆಂಡತಿಯ ಲಿವರ್‌ನಲ್ಲಿದ್ದ ಗಡ್ಡೆ ತೆಗೆಯಲು ಶಿವಮೊಗ್ಗದ ಆಸ್ಪತ್ರೆಯಲ್ಲಿ ಶುರುವಾದ ಆಪರೇಷನ್ ಅರ್ಧಕ್ಕೆ ನಿಂತಿತು. ಕತ್ತರಿಸುವಾಗ ರಕ್ತನಾಳವೊಂದು ತೆರೆದುಕೊಂಡು, ಅದರ ಮೂಲಕ ಗಾಳಿ ಹೃದಯ ಸೇರಿತ್ತು. ರಕ್ತದೊತ್ತಡ ಕುಸಿಯಿತು. ಡಾಕ್ಟರು ನಾಳ ಹೊಲಿದು, ಜೀವ ಉಳಿಸಿ, ಹೊಟ್ಟೆ ಮುಚ್ಚಿದರು. ಗಡ್ಡೆ ಒಳಗೇ ಉಳಿಯಿತು.

ನಾನು ಭದ್ರಾವತಿಯ ಕಾರ್ಖಾನೆಯೊಂದರ ಪಂಪ್‌ಹೌಸಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಅಲ್ಲಿ ಯಂತ್ರ ನಿಂತರೆ ಶಿಫ್ಟ್ ಮುಗಿಯುವುದರೊಳಗೆ ಕಾರಣ ಬರೆದಿಡಬೇಕು, ಯಾರ ಕೈತಪ್ಪು ಎಂಬುದನ್ನೂ. ಮೂರು ವಾರದ ನಂತರ, ನಮ್ಮ ಮನೆಯಿರುವ ಜನ್ನಾಪುರದಿಂದ ಬೆಳಗಿನ ಬಸ್ಸು ಹಿಡಿದು, ಹೆಂಡತಿಯ ಜೊತೆ ಡಾಕ್ಟರ ಮುಂದೆ ಕೂತೆ.

"ತಪ್ಪು ಯಾರ್ದು ಅಂತ ಹೇಳಿ ಡಾಕ್ಟ್ರೇ."

"ತಪ್ಪು ಅಂತಲ್ಲ ಸರ್. ರಕ್ತ ಜಾಸ್ತಿ ಹೋಗ್ಬಾರ್ದು ಅಂತ ನಾಳದೊಳಗೆ ಒತ್ತಡ ಕಮ್ಮಿ ಇಟ್ಟಿರ್ತೀವಿ. ಕಮ್ಮಿ ಇದ್ದಾಗ ಗಾಳಿ ಎಳ್ಕೊಳ್ಳೋ ಅಪಾಯನೂ ಇರತ್ತೆ."

ಅರ್ಥವಾಗದ ಮಾತಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನೀರೆಳೆಯುವ ಪೈಪಿನ ಜಾಯಿಂಟು ಸಡಿಲವಾದರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಇದನ್ನು ಕಲಿಸಿದವನೇ ನಾನು.

"ಮೊದಲೇ ಹೇಳ್ಬೇಕಿತ್ತು," ಎಂದೆ.

ಅವರು ಫೈಲು ತಿರುಗಿಸಿ ಒಪ್ಪಿಗೆ ಪತ್ರ ತೋರಿಸಿದರು. ಎರಡನೇ ಪುಟದಲ್ಲಿ ಈ ಅಪಾಯದ ಮಾತು ಕನ್ನಡದಲ್ಲೇ ಇತ್ತು. ಕೆಳಗೆ ನನ್ನ ಸಹಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ. ಅವತ್ತು ಸ್ಟ್ರೆಚರ್ ಹೊರಟ ಗಡಿಬಿಡಿಯಲ್ಲಿ ನಿಂತೇ ಹಾಕಿದ್ದೆ.

ಹೊರಗೆ ಬೆಂಚಿನ ಮೇಲೆ ಕೂತು ಅದನ್ನೇ ಗೊಣಗುತ್ತಿದ್ದೆ.

"ನೀವು ಓದಿದ್ರೆ ಗಾಳಿ ಹೋಗ್ತಿರ್ಲಿಲ್ವಾ?" ಎಂದಳು ಹೆಂಡತಿ.

"ಹಂಗಲ್ಲ ಮಾರಾಯ್ತಿ, ಯಾವ್ದಕ್ಕೂ ಒಂದು ಕ್ರಮ ಅಂತ ಇರತ್ತೆ."

"ನಿಮ್ ಕ್ರಮದಲ್ಲೇ ಮೂರು ವಾರ ಹೋಯ್ತು. ಗಡ್ಡೆ ಇರೋದು ನನ್ ಹೊಟ್ಟೇಲಿ ಕಣ್ರೀ. ಇನ್ನೊಂದ್ಸಲ ಮಾಡಿಸ್ಕೊಳ್ತೀಯಾ, ಬೇಡ್ವಾ ಅಂತ ನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಅಷ್ಟು ದಿನವೂ ನಾನು ಎಲ್ಲರನ್ನೂ ವಿಚಾರಿಸಿದ್ದು ಆಗಿಹೋದದ್ದನ್ನೇ.

"ಮತ್ತೆ ಹಂಗೇ ಆದ್ರೆ?"

"ಆಗ್ಬೋದು. ಸುಮ್ನೆ ಬಿಟ್ರೆ ಗಡ್ಡೆ ಬೆಳೆಯೋದಂತೂ ಖಂಡಿತ. ನಾನು ಮಾಡಿಸ್ಕೊಳ್ತೀನಿ. ಡಾಕ್ಟ್ರು ಇನ್ನೂ ಒಳಗಿದ್ದಾರೆ, ಏಳಿ, ಯಾವತ್ತು ಅಂತ ಕೇಳಿ."

ಸಿಟ್ಟು ಇಳಿದಿರಲಿಲ್ಲ, ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದೂ ತಿಳಿಯಲಿಲ್ಲ. ಎದ್ದು ಹೋಗಿ ಡಾಕ್ಟರ ಬಾಗಿಲು ತಟ್ಟಿದೆ.